ಕಾರಿನ ಹೆಡ್‌ಲೈಟ್ ಎತ್ತರ ಹೊಂದಿಸುವುದು: ಮೊದಲು ನೆಲ, ಕೊನೆಗೆ ಸ್ಕ್ರೂ

"ಸ್ಕ್ರೂ ತಿರುಗಿಸಿದ್ದಾಯಿತು, ಬಲ್ಬ್ ಬದಲಾಯಿಸಿದ್ದಾಯಿತು, ಆದರೂ ಎದುರಿನಿಂದ ಬರುವವರು ಡಿಪ್ಪರ್ ಹೊಡೆಯುವುದು ನಿಂತಿಲ್ಲ." ಹಾಸನ, ಬೇಲೂರು, ಚಿಕ್ಕಮಗಳೂರು ಕಡೆಯ ಕಾರು ಮಾಲೀಕರಿಂದ ಈ ದೂರನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ. ವಿಚಾರಿಸಿದರೆ ಎಲ್ಲರೂ ಮಾಡಿರುವುದು ಒಂದೇ ಕೆಲಸ: ರಾತ್ರಿ ಗೇಟಿನ ಒಳಗೆ ಕಾರು ನಿಲ್ಲಿಸಿ, ಎದುರಿನ ಕಾಂಪೌಂಡ್ ಗೋಡೆಗೆ ಬೆಳಕು ಬಿಟ್ಟು, ಕಣ್ಣಂದಾಜಿನಲ್ಲಿ ಇಷ್ಟು ಸಾಕು ಎಂದು ಸ್ಕ್ರೂ ತಿರುಗಿಸಿರುತ್ತಾರೆ. ನಮ್ಮ ಕಡೆಯ ಅಂಗಳಗಳು ಮಳೆನೀರು ಹರಿದುಹೋಗಲೆಂದೇ ಇಳಿಜಾರಾಗಿರುತ್ತವೆ. ಅಲ್ಲಿ ನಿಲ್ಲಿಸಿ ಹೊಂದಿಸಿದರೆ ಅಂಗಳದ ಓರೆಯನ್ನೇ ಹೆಡ್‌ಲೈಟಿಗೆ ಕಲಿಸಿಕೊಟ್ಟಂತಾಗುತ್ತದೆ.

ಸ್ಕ್ರೂ ತಿರುಗಿಸುವುದು ಐದು ನಿಮಿಷದ ಕೆಲಸ. ಅದಕ್ಕೆ ಮುಂಚಿನ ಸಿದ್ಧತೆಗೆ ಒಂದು ಗಂಟೆ ಹಿಡಿಯುತ್ತದೆ, ತಪ್ಪುಗಳು ಆಗುವುದೂ ಆ ಒಂದು ಗಂಟೆಯಲ್ಲಿಯೇ. ಹಾಗಾಗಿ ಕೆಳಗಿನ ಹಂತಗಳ ಕ್ರಮವನ್ನು ಹಿಂದುಮುಂದು ಮಾಡಬೇಡಿ. ಹಗಲಿರುವಾಗಲೇ ಗುರುತುಗಳನ್ನು ಹಾಕಿ ಮುಗಿಸಿ, ಕತ್ತಲಾದ ಮೇಲೆ ಬೆಳಕು ಹೊಂದಿಸಿ.

ಈ ವಿಧಾನ ಹ್ಯಾಲೊಜೆನ್ ದೀಪಗಳಿಗೆ ಮತ್ತು ಹಿಂಬದಿಯಲ್ಲಿ ಹೊಂದಾಣಿಕೆ ಸ್ಕ್ರೂ ಇರುವ ಸಾಮಾನ್ಯ ಪ್ರೊಜೆಕ್ಟರ್ (ಒಳಗೆ ಗುಂಡನೆಯ ಗಾಜು ಇರುವ) ದೀಪಗಳಿಗೆ ಅನ್ವಯಿಸುತ್ತದೆ. ಕಾರಿನ ಹೊರೆ ನೋಡಿಕೊಂಡು ತಾನೇ ಎತ್ತರ ಬದಲಿಸಿಕೊಳ್ಳುವ ದೀಪಗಳು, ಕ್ಯಾಮೆರಾದ ಮೂಲಕ ರಸ್ತೆ ನೋಡಿಕೊಂಡು ಹೈಬೀಮ್ ನಿಭಾಯಿಸುವ ದೀಪಗಳು ಇದ್ದರೆ ಕೈ ಹಾಕಬೇಡಿ. ಅವುಗಳಿಗೆ ಸ್ಕ್ಯಾನರ್ ಜೋಡಿಸಿ ಮರುಹೊಂದಿಸಬೇಕಾಗುತ್ತದೆ. ಅದು ಸರ್ವೀಸ್ ಸೆಂಟರಿನ ಕೆಲಸ.

## ಮೊದಲು ತಿಳಿಯಬೇಕಾದದ್ದು: ಇದು ನಿಜಕ್ಕೂ ಎತ್ತರದ ದೋಷವೇ?

ಚಾರ್ಮಾಡಿ ಅಥವಾ ಶಿರಾಡಿ ಘಾಟಿಯಲ್ಲಿ ಯಾರೋ ಡಿಪ್ಪರ್ ಹೊಡೆದರು ಎಂದು ಸ್ಕ್ರೂಡ್ರೈವರ್ ಹುಡುಕಬೇಡಿ. ಏರಿನಲ್ಲಿ ಬರುವ ಕಾರಿನ ಬೆಳಕು, ಅದು ಎಷ್ಟೇ ಸರಿಯಾಗಿದ್ದರೂ, ಇಳಿಯುತ್ತಿರುವವರ ಕಣ್ಣಿಗೆ ಬಡಿಯುತ್ತದೆ. ರಸ್ತೆಯುಬ್ಬು, ದಿಬ್ಬದ ತುದಿ, ಹೇರ್‌ಪಿನ್ ತಿರುವುಗಳಲ್ಲೂ ಹಾಗೆಯೇ. ಹಾಸನದಿಂದ ಚನ್ನರಾಯಪಟ್ಟಣದ ಕಡೆಗೋ ಕಡೂರಿನ ಕಡೆಗೋ ಹೋಗುವಾಗ ಸಿಗುವಂಥ ಸಮತಟ್ಟಾದ ನೇರ ರಸ್ತೆಯಲ್ಲಿ, ನೀವು ಡಿಮ್‌ನಲ್ಲಿದ್ದಾಗಲೂ ಎದುರಿನವರು ಒಬ್ಬರಾದ ಮೇಲೊಬ್ಬರು ಡಿಪ್ಪರ್ ಹೊಡೆದರೆ, ಆಗ ಅನುಮಾನಪಡಿ.

ತೋಟದ ನಡುವಿನ ರಸ್ತೆಯಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. ಡಿಮ್‌ನಲ್ಲಿರುವಾಗ ಎಡಬದಿಯ ಸಿಲ್ವರ್ ಓಕ್ ಕಾಂಡಗಳ ಮೇಲೆ ಸ್ವಲ್ಪ ಎತ್ತರಕ್ಕೆ ಬೆಳಕು ಏರುವುದು ಸಹಜ. ನಮ್ಮ ದೇಶದ ಡಿಮ್ ಬೆಳಕು ಎಡಕ್ಕೆ ಮೇಲೇರುವಂತೆಯೇ ರೂಪುಗೊಂಡಿರುತ್ತದೆ. ಬಲಬದಿಯ ಮರಗಳ ನೆತ್ತಿಯೂ ಬೆಳಗುತ್ತಿದ್ದರೆ ದೀಪ ಮೇಲೆ ನೋಡುತ್ತಿದೆ. ಇದಕ್ಕೆ ತದ್ವಿರುದ್ಧವಾಗಿ, ಬಾನೆಟ್ ಮುಂದೆ ಪ್ರಖರ ಬೆಳಕು ಗುಡ್ಡೆಬಿದ್ದು ಅದರಾಚೆ ಗಾಢ ಕತ್ತಲೆ ಇದ್ದರೆ ದೀಪ ತೀರಾ ಕೆಳಗಿದೆ. ಸಕಲೇಶಪುರ, ಆಲೂರು ಕಡೆ ರಾತ್ರಿ ರಸ್ತೆಗೆ ಕಾಡಾನೆ ಬರುವುದು ಹೊಸತಲ್ಲ. ಅಲ್ಲಿ ಓಡಾಡುವವರಿಗೆ ಈ ಎರಡನೆಯ ದೋಷವೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಆದರೆ ಯಾರೂ ಡಿಪ್ಪರ್ ಹೊಡೆದು ಅದನ್ನು ತಿಳಿಸುವುದಿಲ್ಲ.

ದೀಪದ ಹೊರಕವಚ ಹಳದಿಗಟ್ಟಿದ್ದರೆ, ಒಳಗೆ ನೀರಿನ ಹನಿ ಕಟ್ಟಿದ್ದರೆ, ಒಂದು ದೀಪ ಮಾತ್ರ ಮಂಕಾಗಿದ್ದರೆ, ಅದು ಎತ್ತರದ ಸಮಸ್ಯೆಯಲ್ಲ. ಸ್ಕ್ರೂ ತಿರುಗಿಸಿ ಅದನ್ನು ಸರಿಪಡಿಸಲು ಹೋದವರು ಎರಡು ದೋಷ ಹೊತ್ತುಕೊಂಡು ಓಡಾಡುತ್ತಾರೆ.

## ಹಂತ 1: ಬೇಕಾಗುವ ಸಾಮಾನು

ಉದ್ದನೆಯ ಸ್ಟಾರ್ ಸ್ಕ್ರೂಡ್ರೈವರ್, ಅಳತೆ ಟೇಪು, ಟೈರ್ ಗಾಳಿ ಅಳೆಯುವ ಗೇಜು, ಪೇಂಟ್ ಅಂಗಡಿಯಲ್ಲಿ ಸಿಗುವ ಮಾಸ್ಕಿಂಗ್ ಟೇಪು, ಮಾರ್ಕರ್ ಪೆನ್ನು, ಒಂದು ದೊಡ್ಡ ರಟ್ಟು. ಕೆಲವು ಕಾರುಗಳಲ್ಲಿ ಹೊಂದಾಣಿಕೆ ಸ್ಕ್ರೂಗೆ ಸಣ್ಣ ಸ್ಪ್ಯಾನರ್ ಅಥವಾ ಅಲೆನ್ ಕೀ ಬೇಕಾಗುತ್ತದೆ. ಬಾನೆಟ್ ತೆರೆದು ನೋಡಿಕೊಂಡ ನಂತರವೇ ಅಂಗಡಿಗೆ ಹೋಗಿ.

ಇದರ ಜೊತೆಗೆ ಗಾರೆ ಕೆಲಸದ ಮೂರು ವಸ್ತುಗಳು ಬೇಕು: ನೈಲಾನ್ ದಾರ, ತೂಗುಗುಂಡು, ಮತ್ತು ಒಂದೇ ಅಚ್ಚಿನ ನಾಲ್ಕು ಇಟ್ಟಿಗೆ. ನಾಲ್ಕನ್ನೂ ಒಟ್ಟಿಗೆ ನಿಲ್ಲಿಸಿ ಎತ್ತರ ಒಂದೇ ಇದೆಯೇ ಎಂದು ನೋಡಿಕೊಳ್ಳಿ. ಮೂಲೆ ಮುರಿದ ಇಟ್ಟಿಗೆ ಬೇಡ. ದಾರ ಹಿಡಿಯಲು, ರಟ್ಟು ಅಡ್ಡ ಇಡಲು ಇನ್ನೊಬ್ಬರು ಇರಲೇಬೇಕು.

## ಹಂತ 2: ಸ್ಕ್ರೂ ಮುಟ್ಟುವ ಮುನ್ನ ದೀಪವನ್ನು ನೋಡಿ

ಬಲ್ಬ್ ಬದಲಾಯಿಸಿದ ನಂತರ ಬೆಳಕು ದಿಕ್ಕುತಪ್ಪಿದ್ದರೆ ಮೊದಲು ಬಲ್ಬ್ ಕೂತಿರುವ ರೀತಿಯನ್ನು ಪರೀಕ್ಷಿಸಿ. ಅನೇಕ ಕುಟುಂಬದ ಕಾರುಗಳಲ್ಲಿ ಇರುವುದು ಎಚ್4 ಬಲ್ಬ್. ಡಿಮ್ ಮತ್ತು ಹೈಬೀಮ್ ಎರಡೂ ಅದರೊಳಗೇ ಇರುತ್ತವೆ, ಸಾಮರ್ಥ್ಯ 60/55 ವಾಟ್. ಅದರ ಲೋಹದ ಬಳೆಗೆ ಮೂರು ಕಿವಿಗಳಿವೆ. ಮೂರೂ ತಮ್ಮ ತಮ್ಮ ಕಚ್ಚಿನಲ್ಲಿ ಕೂತು, ತಂತಿಯ ಕ್ಲಿಪ್ಪು ಸರಿಯಾಗಿ ಸಿಕ್ಕಿಕೊಂಡಿರಬೇಕು. ಒಂದು ಕಿವಿ ಹೊರಗುಳಿದರೂ ಗೋಡೆಯ ಮೇಲೆ ಬೆಳಕು ಚೆಲ್ಲಾಪಿಲ್ಲಿಯಾಗುತ್ತದೆ. ದೀಪ ಉರಿಯುತ್ತಿದ್ದರೆ ಆರಿಸಿ, ತಣ್ಣಗಾದ ಮೇಲೆ ಕೈ ಹಾಕಿ. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ಅತಿಯಾಗಿ ಕಾದು ಬಲ್ಬ್ ಬೇಗ ಹಾಳಾಗುತ್ತದೆ.

ಹ್ಯಾಲೊಜೆನ್ ದೀಪದೊಳಗೆ ಅಂಗಡಿಯಲ್ಲಿ ಕೊಂಡ ಎಲ್‌ಇಡಿ ಬಲ್ಬ್ ಹಾಕಿಸಿದ್ದೀರಾ? ಹಾಗಿದ್ದರೆ ಈ ಮಾರ್ಗದರ್ಶಿಯಿಂದ ನಿಮಗೆ ಹೆಚ್ಚು ಪ್ರಯೋಜನವಿಲ್ಲ. ಒಳಗಿನ ಪ್ರತಿಫಲಕವನ್ನು ತಂತಿಯ ಫಿಲಮೆಂಟ್ ಇರುವ ಜಾಗಕ್ಕೆ ಲೆಕ್ಕಹಾಕಿ ಮಾಡಿರುತ್ತಾರೆ. ಬೆಳಕು ಹುಟ್ಟುವ ಜಾಗ ಕೂದಲೆಳೆಯಷ್ಟು ಸರಿದರೂ ಡಿಮ್‌ನ ಮೇಲಂಚು, ಅಂದರೆ ಬೆಳಕು ಮುಗಿದು ಮೇಲೆ ಕತ್ತಲೆ ಶುರುವಾಗುವ ಗೆರೆ, ಕರಗಿಹೋಗುತ್ತದೆ. ಅಂಚೇ ಇಲ್ಲದ ಬೆಳಕನ್ನು ಎಷ್ಟು ಕೆಳಗಿಳಿಸಿದರೂ ಎದುರಿನವರ ಕಣ್ಣು ಕುಕ್ಕುತ್ತಲೇ ಇರುತ್ತದೆ. ಅದನ್ನು ತೆಗೆದು ಕಂಪನಿ ಸೂಚಿಸಿದ ಬಲ್ಬ್ ಹಾಕಿ, ನಂತರ ಮುಂದುವರಿಯಿರಿ. 100/90 ವಾಟಿನ ಬಲ್ಬುಗಳೂ ಬೇಡ. ಅವುಗಳ ಶಾಖಕ್ಕೆ ಹೋಲ್ಡರ್ ಕರಗುತ್ತದೆ, ಪ್ರತಿಫಲಕ ಮಂಕಾಗುತ್ತದೆ.

ಕೊನೆಯದಾಗಿ ಲೆವೆಲಿಂಗ್ ಸ್ವಿಚ್, ಅಂದರೆ ಕಾರಿನ ಹೊರೆಗೆ ತಕ್ಕಂತೆ ಬೆಳಕನ್ನು ಕೈಯಿಂದ ಇಳಿಸುವ ಸ್ವಿಚ್. ಸ್ಟೀರಿಂಗ್ ಬಳಿ 0ಯಿಂದ 3ರವರೆಗೆ ಅಂಕಿ ಇರುವ ಪುಟ್ಟ ಚಕ್ರ ಇದ್ದರೆ, ಡಿಮ್ ಹಾಕಿಕೊಂಡು ಅದನ್ನು 0ಯಿಂದ 3ಕ್ಕೆ ತಿರುಗಿಸಿ. ಎರಡೂ ದೀಪಗಳ ಬೆಳಕು ಒಟ್ಟಿಗೆ ಇಳಿಯಬೇಕು. ಒಂದು ಇಳಿದು ಇನ್ನೊಂದು ಅಲ್ಲೇ ನಿಂತರೆ ಆ ಬದಿಯ ಮೋಟಾರ್ ಸತ್ತಿದೆ. ಅದು ಯಾವ ಸ್ಥಾನದಲ್ಲಿ ಸತ್ತಿದೆ ಎಂದು ಹೊರಗಿನಿಂದ ಹೇಳಲಾಗದು. ಮೊದಲು ಅದನ್ನು ದುರಸ್ತಿ ಮಾಡಿಸಿ. ಪರೀಕ್ಷೆ ಮುಗಿದ ಮೇಲೆ ಚಕ್ರವನ್ನು 0ಗೆ ತಂದು ನಿಲ್ಲಿಸಿ. ಮೂವರಲ್ಲಿ ಒಬ್ಬರಾದರೂ ಇದನ್ನು 2ರಲ್ಲೋ 3ರಲ್ಲೋ ಬಿಟ್ಟು ಸ್ಕ್ರೂ ತಿರುಗಿಸಿರುತ್ತಾರೆ ಎನ್ನಿಸುವಷ್ಟು ಈ ತಪ್ಪು ಸಾಮಾನ್ಯ. ಆಮೇಲೆ ಯಾವಾಗಲೋ ಮಗು ಆಟವಾಡುತ್ತಾ ಅದನ್ನು 0ಗೆ ತಂದಾಗ ಬೆಳಕು ಆಕಾಶ ನೋಡುತ್ತದೆ.

## ಹಂತ 3: ಜಾಗ

ಬೇಕಾದದ್ದು ದೀಪದಿಂದ ಗೋಡೆಗೆ ಕನಿಷ್ಠ 5 ಮೀಟರ್ ಅಂತರ, ಅದರ ಹಿಂದೆ ಕಾರು ನಿಲ್ಲುವಷ್ಟು ಜಾಗ. 10 ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಅಳತೆಯ ಸಣ್ಣ ತಪ್ಪುಗಳ ಪರಿಣಾಮ ಅರ್ಧದಷ್ಟಾಗುತ್ತದೆ. ಗೋಡೆ ತಿಳಿ ಬಣ್ಣದ್ದಾಗಿರಲಿ, ನೆಟ್ಟಗಿರಲಿ. ಕಲ್ಲು ಜೋಡಿಸಿದ ಒರಟು ಕಾಂಪೌಂಡಿನ ಮೇಲೆ ಅಂಚು ಕಾಣುವುದಿಲ್ಲ.

ತೋಟದ ಕಡೆಯವರಿಗೆ ಕಾಫಿ ಕಣ, ಅದರಲ್ಲೂ ಗೋದಾಮಿನ ಗೋಡೆಗೆ ತಾಗಿಕೊಂಡ ಸಿಮೆಂಟ್ ಕಣ, ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. ಕೊಯ್ಲು ಶುರುವಾಗಿ ಕಣದಲ್ಲಿ ಕಾಫಿ ಹರಡಿದ ಮೇಲೆ ಅಲ್ಲಿ ಕಾರು ತರಲು ಯಾರೂ ಬಿಡುವುದಿಲ್ಲವಾದ್ದರಿಂದ ಮಳೆ ನಿಂತ ಕೂಡಲೇ ಮಾಡಿ ಮುಗಿಸಿ. ಪೇಟೆಯವರು ಅಪಾರ್ಟ್‌ಮೆಂಟಿನ ಕೆಳಮಹಡಿ ಅಥವಾ ಕಲ್ಯಾಣ ಮಂಟಪದ ಪಾರ್ಕಿಂಗ್ ಕೇಳಿಕೊಳ್ಳಬಹುದು.

ಆದರೆ ಕಣವೂ ನೀರು ಹರಿಯಲೆಂದು ಸ್ವಲ್ಪ ಓರೆಯಾಗಿರುತ್ತದೆ. ಅದು ಎಷ್ಟು ಕೆಡಿಸಬಲ್ಲದು ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಸಣ್ಣ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಸುಮಾರು ಎರಡೂವರೆ ಮೀಟರ್. ಮುಂದಿನ ಚಕ್ರದ ಕೆಳಗಿನ ನೆಲ ಹಿಂದಿನದಕ್ಕಿಂತ 2 ಸೆಂ.ಮೀ. ತಗ್ಗಿನಲ್ಲಿದೆ, ಅಲ್ಲಿಂದ ಗೋಡೆಯವರೆಗೆ ನೆಲ ಸಮತಟ್ಟಾಗಿದೆ ಎಂದುಕೊಳ್ಳಿ. ಕಾರು ಮೂಗು ತಗ್ಗಿಸಿ ನಿಂತಿದೆ. ಮುಂದಿನ ಚಕ್ರದಿಂದ ಗೋಡೆಗೆ 6 ಮೀಟರ್ (ಅಂದರೆ ದೀಪದಿಂದ ಸುಮಾರು 5 ಮೀಟರ್) ಇದ್ದರೆ, ಅಲ್ಲಿ ಬೆಳಕು 4.8 ಸೆಂ.ಮೀ. ಕೆಳಗೆ ಬೀಳುತ್ತದೆ. ನೀವು ದೀಪವೇ ಕೆಳಗಿದೆ ಎಂದುಕೊಂಡು ಅಷ್ಟನ್ನು ಮೇಲೆತ್ತುತ್ತೀರಿ. 5 ಮೀಟರ್ ದೂರದ ಗೋಡೆಯ ಮೇಲೆ ಬೆಳಕನ್ನು ಇಳಿಸಬೇಕಾದದ್ದೇ ಸುಮಾರು 5 ಸೆಂ.ಮೀ. ಅಂದರೆ ಇಳಿಸಬೇಕಾದದ್ದೆಲ್ಲ ಹೋಯಿತು. ಸಮತಟ್ಟಾದ ರಸ್ತೆಗೆ ಬಂದಾಗ ಬೆಳಕು ನೆಲಕ್ಕೆ ತಾಗದೆ ನೇರವಾಗಿ ಎದುರಿನವರತ್ತ ಹೋಗುತ್ತದೆ. ಕೇವಲ ಎರಡು ಸೆಂಟಿಮೀಟರ್ ತಗ್ಗಿನಿಂದ.

ಇಡೀ ನೆಲ ಒಂದೇ ಓರೆಯಲ್ಲಿದ್ದರೆ ತೊಂದರೆಯಿಲ್ಲ. ಕಾರು ಮತ್ತು ಗೋಡೆಯ ಬುಡ ಒಂದೇ ತಲದಲ್ಲಿದ್ದರೆ ಸಾಕು. ಅಂಥ ನೆಲವನ್ನು ಹುಡುಕುತ್ತಾ ಅಲೆಯುವ ಬದಲು ಹಂತ 5ರ ದಾರದ ಉಪಾಯ ಬಳಸಿ. ರಸಮಟ್ಟ ಇಟ್ಟು ಗೋಡೆಯ ಮೇಲೆ ಗೆರೆ ಎಳೆಯುವುದು ಈ ಕೆಲಸಕ್ಕೆ ಆಗುವುದಿಲ್ಲ: ಅದು ಭೂಮಿಗೆ ಮಟ್ಟವಾದ ಗೆರೆ ಕೊಡುತ್ತದೆ, ನಮಗೆ ಬೇಕಾದದ್ದು ಕಾರಿನ ಚಕ್ರಗಳಿಗೆ ಮಟ್ಟವಾದ ಗೆರೆ.

## ಹಂತ 4: ಕಾರನ್ನು ಸಿದ್ಧಗೊಳಿಸಿ

ಟೈರ್ ತಣ್ಣಗಿರುವಾಗ ಗಾಳಿ ಪರೀಕ್ಷಿಸಿ, ಚಾಲಕನ ಬಾಗಿಲಿನ ಕಂಬದ ಮೇಲಿನ ಸ್ಟಿಕರ್‌ನಲ್ಲಿ ಬರೆದಷ್ಟು ಹಾಕಿಸಿ. ಡಿಕ್ಕಿ ಖಾಲಿ ಮಾಡಿ. ಸ್ಟೆಪ್ನಿ, ಜಾಕ್ ಮಾತ್ರ ಇರಲಿ. ಇಂಧನ ಅರ್ಧ ಟ್ಯಾಂಕಿನಷ್ಟಿರಲಿ. ಮೇಲಿನ ಕ್ಯಾರಿಯರ್‌ನಲ್ಲಿ ಏನೂ ಬೇಡ.

ಚಾಲಕನ ಸೀಟಿನಲ್ಲಿ ಸುಮಾರು 75 ಕಿಲೊ ತೂಕವಿರಬೇಕು. ಯಾರಾದರೂ ಕೂತರೆ ಸರಿ; ಆದರೆ ಒಂದು ಗಂಟೆ ಅಲುಗಾಡದೆ ಕೂರುವವರು ಸಿಗುವುದು ಕಷ್ಟ. 25 ಕಿಲೊದ ಮೂರು ಅಕ್ಕಿ ಚೀಲಗಳು ಹೆಚ್ಚು ವಿಧೇಯವಾಗಿರುತ್ತವೆ.

ಹಿಂದಿನ ಚಕ್ರದ ಮೇಲಿನ ಸಂದನ್ನು ಮುಂದಿನದರ ಜೊತೆ ಹೋಲಿಸಿ ನೋಡಿ. ವರ್ಷಗಟ್ಟಲೆ ಗೊಬ್ಬರದ ಚೀಲ, ಕಾಫಿ ಮೂಟೆ ಹೊತ್ತ ಕಾರುಗಳಲ್ಲಿ ಹಿಂದಿನ ಸ್ಪ್ರಿಂಗ್ ಕುಸಿದಿರುತ್ತದೆ; ಖಾಲಿಯಿದ್ದಾಗಲೂ ಹಿಂಭಾಗ ತಗ್ಗಿ, ಮೂಗು ಮೇಲೆದ್ದಿರುತ್ತದೆ. ಹಾಗಿದ್ದರೆ ಸ್ಪ್ರಿಂಗ್ ಸರಿಪಡಿಸಿದ ನಂತರವೇ ದೀಪ ಹೊಂದಿಸಿ, ಇಲ್ಲವಾದರೆ ಎರಡು ಸಲ ಮಾಡಬೇಕಾಗುತ್ತದೆ.

ಈಗ ಕಾರನ್ನು ಗೋಡೆಗೆ ನೇರವಾಗಿ ಎದುರು ನಿಲ್ಲಿಸಿ. ಎರಡೂ ಮುಂದಿನ ಚಕ್ರಗಳ ನಡುಬಿಂದುವಿನಿಂದ ಗೋಡೆಗೆ ಇರುವ ಅಂತರ ಒಂದೇ ಇರಬೇಕು, ಸ್ಟೀರಿಂಗ್ ನೇರವಾಗಿರಬೇಕು. ದೀಪದ ಗಾಜಿನಿಂದ ಗೋಡೆಗೆ ಸರಿಯಾಗಿ 5 ಮೀಟರ್. ಬಾನೆಟ್‌ನ ಅಂಚನ್ನು ನಾಲ್ಕೈದು ಸಲ ಒತ್ತಿ ಬಿಡಿ, ಹಿಂದೆಯೂ ಹಾಗೆಯೇ ಮಾಡಿ. ಸಸ್ಪೆನ್ಷನ್ ತನ್ನ ಸಹಜ ಎತ್ತರಕ್ಕೆ ಬಂದು ಕೂರುತ್ತದೆ. ಆಮೇಲೆ ಹ್ಯಾಂಡ್‌ಬ್ರೇಕ್ ಹಾಕಿ.

## ಹಂತ 5: ದಾರ ಮತ್ತು ಇಟ್ಟಿಗೆ

ಎಡಬದಿಯ ಹಿಂದಿನ ಚಕ್ರದ ಪಕ್ಕ, ಚಕ್ರ ನೆಲಕ್ಕೆ ತಾಗುವ ಜಾಗದ ನೇರಕ್ಕೆ, ಒಂದು ಇಟ್ಟಿಗೆಯನ್ನು ಉದ್ದುದ್ದ ನಿಲ್ಲಿಸಿ. ಮುಂದಿನ ಚಕ್ರದ ಪಕ್ಕವೂ ಹಾಗೆಯೇ ಇನ್ನೊಂದು. ನೈಲಾನ್ ದಾರವನ್ನು ಹಿಂದಿನ ಇಟ್ಟಿಗೆಯ ತಲೆಯ ಮೇಲಿನಿಂದ, ಮುಂದಿನ ಇಟ್ಟಿಗೆಯ ತಲೆಯನ್ನು ಸವರಿಕೊಂಡು, ಗೋಡೆಯವರೆಗೆ ಬಿಗಿಯಾಗಿ ಎಳೆಯಿರಿ. ಮುಂದಿನ ಇಟ್ಟಿಗೆಯ ಮೇಲೆ ದಾರ ಮಡಚಿಕೊಳ್ಳಬಾರದು, ಗಾಳಿಯಲ್ಲಿ ತೇಲಬಾರದು. ತಾಗಿಯೂ ತಾಗದಂತೆ ಹೋಗಬೇಕು. ಗೋಡೆಯ ತುದಿಯನ್ನು ಹಿಡಿದವರು ಅದನ್ನು ಮೇಲೆ ಕೆಳಗೆ ಸರಿಸುತ್ತಾ ಈ ಸ್ಥಿತಿಯನ್ನು ಹುಡುಕಬೇಕು. ದಾರ ಗೋಡೆಗೆ ಮುಟ್ಟಿದ ಬಿಂದುವನ್ನು ಗುರುತು ಮಾಡಿ. ಅದೇ ನಿಮ್ಮ ಸೊನ್ನೆ.

ದಾರ ಬಿಗಿಯಾಗಿರುವಾಗಲೇ, ದೀಪದ ಪಕ್ಕದಲ್ಲಿ, ದಾರದಿಂದ ದೀಪದ ನಡುಬಿಂದುವಿಗೆ ಎಷ್ಟು ಎತ್ತರ ಎಂದು ಅಳೆಯಿರಿ. 43 ಸೆಂ.ಮೀ. ಬಂತು ಎಂದುಕೊಳ್ಳಿ. ಗೋಡೆಯ ಸೊನ್ನೆ ಬಿಂದುವಿನಿಂದ 43 ಸೆಂ.ಮೀ. ಮೇಲೆ ಇನ್ನೊಂದು ಗುರುತು ಹಾಕಿ. ಇಟ್ಟಿಗೆಯ ಎತ್ತರ, ನೆಲದ ಓರೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಎರಡೂ ಅಳತೆ ಒಂದೇ ದಾರದಿಂದ ಆಗಿವೆ. ಬಲಬದಿಯಲ್ಲಿಯೂ ಇದನ್ನೇ ಮಾಡಿ. ಎರಡು ಬದಿಯ ಮೇಲಿನ ಗುರುತುಗಳನ್ನು ಮಾಸ್ಕಿಂಗ್ ಟೇಪಿನಿಂದ ಸೇರಿಸಿದರೆ ದೀಪದ ಎತ್ತರದ ಗೆರೆ ಸಿದ್ಧ.

ಇಟ್ಟಿಗೆಗಳ ಎತ್ತರದಲ್ಲಿ 2 ಮಿ.ಮೀ. ವ್ಯತ್ಯಾಸವಿದ್ದರೂ ಗೋಡೆಯ ಮೇಲೆ ಅದು ಅರ್ಧ ಸೆಂಟಿಮೀಟರ್ ಮೀರುತ್ತದೆ. ಹಾಗಾಗಿ ಎರಡು ಇಟ್ಟಿಗೆಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ದಾರ ಎಳೆಯಿರಿ. ಬಿಂದು ಅಲ್ಲಿಯೇ ಬಿದ್ದರೆ ನಂಬಬಹುದು.

ದೀಪದ ನಡುಬಿಂದು ಯಾವುದು ಎಂಬಲ್ಲಿ ಅನೇಕರು ಎಡವುತ್ತಾರೆ. ಈಗಿನ ಕಾರುಗಳ ದೀಪ ಬಾನೆಟ್‌ನ ಪಕ್ಕದವರೆಗೆ ಎಳೆದುಕೊಂಡು ಹೋಗಿರುತ್ತದೆ. ಆ ಇಡೀ ಆಕಾರದ ನಡುವನ್ನು ಹಿಡಿಯಬೇಡಿ. ಡಿಮ್ ಬಲ್ಬ್ ಇರುವ ಜಾಗದ ನಡು ಬೇಕು. ಕೆಲವು ಗಾಜುಗಳ ಮೇಲೆ ಅಲ್ಲಿಯೇ ಒಂದು ಸಣ್ಣ ಚುಕ್ಕೆ ಇರುತ್ತದೆ. ಪ್ರೊಜೆಕ್ಟರ್ ಆದರೆ ಗುಂಡನೆಯ ಗಾಜಿನ ನಡು. ಆ ಬಿಂದುವಿನ ಮೇಲೆ ಟೇಪಿನ ಚೂರು ಅಂಟಿಸಿಕೊಂಡು ಅಳೆಯಿರಿ, ದೀಪ ಹಚ್ಚುವ ಮುನ್ನ ತೆಗೆಯಿರಿ.

ಪ್ರತಿ ದೀಪದ ನೇರಕ್ಕೂ ಗೋಡೆಯ ಮೇಲೆ ಒಂದು ಲಂಬ ಗೆರೆ ಬೇಕು. ಎರಡು ದೀಪಗಳ ನಡುಬಿಂದುಗಳ ಅಂತರ ಅಳೆದು, ಕಾರಿನ ನಡುಗೆರೆಯಿಂದ ಅರ್ಧರ್ಧ ಹಂಚಿ, ತೂಗುಗುಂಡು ಇಳಿಬಿಟ್ಟು ಟೇಪು ಅಂಟಿಸಿ. ನಡುಗೆರೆಯನ್ನು ಹಿಂದಿನ ಗಾಜಿನಿಂದ ನೋಡಿ, ಮುಂದಿನ ಕನ್ನಡಿಯ ಮಧ್ಯ ಮತ್ತು ಬಾನೆಟ್‌ನ ಲಾಂಛನ ಒಂದೇ ಸಾಲಿಗೆ ಬರುವಂತೆ ಗೋಡೆಯ ಮೇಲೆ ಹುಡುಕಬಹುದು.

## ಹಂತ 6: ಎಷ್ಟು ಇಳಿಸಬೇಕು?

ದೀಪದ ಹಿಂಬದಿಯ ಪ್ಲಾಸ್ಟಿಕ್ಕಿನ ಮೇಲೋ ಹತ್ತಿರದ ಸ್ಟಿಕರ್‌ನಲ್ಲೋ ದೀಪದ ಚಿತ್ರದ ಪಕ್ಕ 1.0% ಅಥವಾ 1.2% ಎಂಬಂಥ ಅಂಕಿ ಇದೆಯೇ ಹುಡುಕಿ. ಅದು ಕಂಪನಿ ಹೇಳಿರುವ ಇಳಿತ. ಒಂದು ಪ್ರತಿಶತ ಎಂದರೆ 10 ಮೀಟರಿಗೆ 10 ಸೆಂ.ಮೀ., 5 ಮೀಟರಿಗೆ 5 ಸೆಂ.ಮೀ. 1.2% ಆದರೆ 5 ಮೀಟರಿಗೆ 6 ಸೆಂ.ಮೀ. ಅಂಕಿ ಸಿಗದಿದ್ದರೆ, ದೀಪ ನೆಲದಿಂದ 80 ಸೆಂ.ಮೀ. ಒಳಗಿರುವ ಕಾರುಗಳಿಗೆ 1.0ರಿಂದ 1.5ರ ನಡುವೆ ಇಡುವುದು ವಾಡಿಕೆ, 1.2 ಹಿಡಿದುಕೊಳ್ಳಿ.

ಕೆಳಗಿದ್ದಷ್ಟೂ ಸಭ್ಯ ಎಂದು ಇನ್ನೂ ಇಳಿಸುವವರಿದ್ದಾರೆ. ಲೆಕ್ಕ ನೋಡಿ: ನೆಲದಿಂದ 65 ಸೆಂ.ಮೀ. ಎತ್ತರದ ದೀಪ 1% ಇಳಿದರೆ ಬೆಳಕು 65 ಮೀಟರ್ ಆಚೆ ನೆಲ ಮುಟ್ಟುತ್ತದೆ. 2% ಇಳಿದರೆ ಮೂವತ್ತೆರಡೂವರೆ ಮೀಟರಿಗೇ ಮುಗಿಯಿತು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಎರಡು ಸೆಕೆಂಡಿನೊಳಗೆ ನೀವು ಬೆಳಕಿನ ತುದಿ ದಾಟಿರುತ್ತೀರಿ.

ಅಮೆರಿಕದ ವಿಡಿಯೊಗಳಲ್ಲಿ ಹೇಳುವ 25 ಅಡಿ, 2 ಅಂಗುಲ ಎಂಬ ಅಳತೆಯನ್ನು ತರಬೇಡಿ. ಅಲ್ಲಿ ವಾಹನಗಳು ಬಲಕ್ಕೆ ಚಲಿಸುತ್ತವೆ, ಬೆಳಕಿನ ಆಕಾರವೂ ಬೇರೆ.

ದೀಪದ ಎತ್ತರದ ಗೆರೆಯಿಂದ ಈ ಇಳಿತದಷ್ಟು ಕೆಳಗೆ ಇನ್ನೊಂದು ಟೇಪು ಅಂಟಿಸಿ. ಡಿಮ್‌ನ ಮೇಲಂಚು ಬಂದು ನಿಲ್ಲಬೇಕಾದದ್ದು ಈ ಕೆಳಗಿನ ಟೇಪಿನ ಮೇಲೆ.

## ಹಂತ 7: ಈಗ ಸ್ಕ್ರೂ

ಕತ್ತಲಾಗಲಿ. ಎರಡು 55 ವಾಟ್ ಬಲ್ಬುಗಳು ಬ್ಯಾಟರಿಯಿಂದ ಸುಮಾರು 9 ಆಂಪಿಯರ್ ಎಳೆಯುತ್ತವೆ; ಹಳೆಯ ಬ್ಯಾಟರಿಯಾದರೆ ಆಗಾಗ ದೀಪ ಆರಿಸಿ ಕೆಲಸ ಮಾಡಿ. ಎಂಜಿನ್ ಚಾಲೂ ಇಡುವುದಾದರೆ ಬಯಲಿನಲ್ಲಿ ಮಾತ್ರ, ಮುಚ್ಚಿದ ಶೆಡ್ಡಿನಲ್ಲಿ ಬೇಡ. ಹೊಗೆ ಪ್ರಾಣ ತೆಗೆಯುತ್ತದೆ. ರೇಡಿಯೇಟರ್ ಫ್ಯಾನ್ ಯಾವ ಕ್ಷಣದಲ್ಲಾದರೂ ತಿರುಗಬಹುದು, ಕೈ ಮತ್ತು ಸೀರೆ ಸೆರಗು, ಶಾಲು ದೂರವಿರಲಿ.

ದೀಪದ ಹಿಂದೆ ಸಾಮಾನ್ಯವಾಗಿ ಎರಡು ಹೊಂದಾಣಿಕೆ ಸ್ಕ್ರೂಗಳಿರುತ್ತವೆ: ಒಂದು ಎತ್ತರಕ್ಕೆ, ಒಂದು ಅಕ್ಕಪಕ್ಕಕ್ಕೆ. ಅನೇಕ ಕಾರುಗಳಲ್ಲಿ ಮೇಲಿನ ಒಂದು ತೂತಿನಿಂದ ಸ್ಟಾರ್ ಸ್ಕ್ರೂಡ್ರೈವರ್ ಇಳಿಸಿದರೆ ಅದರ ಮೊನೆ ಒಂದು ಪ್ಲಾಸ್ಟಿಕ್ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ದೀಪವನ್ನು ಕಾರಿನ ಮೈಗೆ ಬಿಗಿದಿರುವ ಬೋಲ್ಟುಗಳನ್ನು ಇವೆಂದು ತಿಳಿದು ಸಡಿಲಿಸಬೇಡಿ. ಅನುಮಾನವಿದ್ದರೆ ಕಾರಿನ ಕೈಪಿಡಿ ನೋಡಿ.

ತಿರುಗಿಸುವ ಮುನ್ನ ಸ್ಕ್ರೂ ಈಗ ಇರುವ ಸ್ಥಾನವನ್ನು ಮಾರ್ಕರ್‌ನಿಂದ ಗುರುತು ಮಾಡಿ. ಒಂದು ದೀಪದ ಮುಂದೆ ರಟ್ಟು ಹಿಡಿಸಿ, ಇನ್ನೊಂದನ್ನು ಮಾತ್ರ ನೋಡಿ. ರಟ್ಟು ಗಾಜಿಗೆ ತಾಗಬಾರದು. ದೀಪದ ಮೇಲೆ ಬಟ್ಟೆ ಹೊದಿಸುವ ಅಭ್ಯಾಸ ಬಿಡಿ. ಶಾಖ ಹೊರಹೋಗದೆ ಪ್ಲಾಸ್ಟಿಕ್ ಗಾಜು ಸೊಟ್ಟಗಾಗುತ್ತದೆ.

ಡಿಮ್ ಮಾತ್ರ ಹಾಕಿ. ಹೈಬೀಮ್ ನೋಡಿ ಹೊಂದಿಸುವುದು ಮೂಲಭೂತ ತಪ್ಪು. ಎಚ್4 ದೀಪದಲ್ಲಿ ಡಿಮ್ ಸರಿಯಾದರೆ ಹೈಬೀಮ್ ತಾನಾಗಿ ತನ್ನ ಜಾಗಕ್ಕೆ ಬರುತ್ತದೆ. ಗೋಡೆಯ ಮೇಲೆ ಬಲಕ್ಕೆ ಅಡ್ಡಲಾಗಿ ಸಮನಾದ ಅಂಚು, ಎಡಕ್ಕೆ ಓರೆಯಾಗಿ ಮೇಲೇರುವ ಅಂಚು ಕಾಣಬೇಕು. ಟೇಪಿಗೆ ಹೊಂದಿಸಬೇಕಾದದ್ದು ಬಲಬದಿಯ ಸಮನಾದ ಭಾಗವನ್ನು. ಎಡದ ಏರಿಕೆಯನ್ನೇ ದೋಷವೆಂದು ಭಾವಿಸಿ ಇಡೀ ದೀಪವನ್ನು ಇಳಿಸಿದವರು ಬಹಳ ಮಂದಿ.

ಪ್ರೊಜೆಕ್ಟರ್ ಅಂಚು ಚಾಕುವಿನಲ್ಲಿ ಕತ್ತರಿಸಿದಷ್ಟು ಸ್ಪಷ್ಟ. ಹ್ಯಾಲೊಜೆನ್ ಪ್ರತಿಫಲಕದ ಅಂಚು ಮಸುಕಾಗಿ ಒಂದೆರಡು ಬೆರಳಗಲ ಹರಡಿರುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ಬೆಳಕಿನ ಮಟ್ಟ ತಗ್ಗಿಸಿ ಗೋಡೆಯನ್ನು ನೋಡಿದರೆ ಅಂಚು ಎದ್ದು ಕಾಣುತ್ತದೆ.

ಅರ್ಧ ಸುತ್ತು ತಿರುಗಿಸಿ, ನಿಲ್ಲಿಸಿ, ನೋಡಿ. ಯಾವ ಕಡೆ ತಿರುಗಿಸಿದರೆ ಏರುತ್ತದೆ ಎಂಬುದು ಕಾರಿನಿಂದ ಕಾರಿಗೆ ಬೇರೆ. ಕೆಲವೊಮ್ಮೆ ಎಡ ಬಲ ದೀಪಗಳಿಗೂ ಬೇರೆ. ಮೊದಲ ಅರ್ಧ ಸುತ್ತು ಅದನ್ನು ತಿಳಿಯಲಷ್ಟೇ. ಅಂಚು ಕೆಳಗಿನ ಟೇಪಿಗೆ ಬಂದ ಮೇಲೆ ಬಾನೆಟ್ ಮುಚ್ಚಿ, ಕಾರನ್ನು ಒತ್ತಿ ಕುಲುಕಿ, ಮತ್ತೆ ನೋಡಿ. ಹಲ್ಲಿನ ಚಕ್ರದ ಸಡಿಲದಿಂದ ಅಂಚು ಸ್ವಲ್ಪ ಜಾರಿರಬಹುದು, ಸರಿಪಡಿಸಿ. ನಂತರ ಇನ್ನೊಂದು ದೀಪ.

## ಹಂತ 8: ಅಕ್ಕಪಕ್ಕ

ಸಮನಾದ ಅಂಚು ಮುಗಿದು ಓರೆ ಶುರುವಾಗುವ ಮೂಲೆ ಆಯಾ ದೀಪದ ಲಂಬ ಗೆರೆಯ ಮೇಲಿರಬೇಕು. ಮೂಲೆ ಸ್ಪಷ್ಟವಾಗಿ ಕಾಣದಿದ್ದರೆ, ಅಪಘಾತ ಅಥವಾ ಬಂಪರ್ ಕೆಲಸ ಆಗಿಲ್ಲದಿದ್ದರೆ, ಈ ಸ್ಕ್ರೂ ಮುಟ್ಟಲೇಬೇಡಿ. ಮುಟ್ಟಿದರೆ ಎತ್ತರವನ್ನು ಮತ್ತೆ ಪರೀಕ್ಷಿಸಿ; ಒಂದನ್ನು ತಿರುಗಿಸಿದರೆ ಇನ್ನೊಂದೂ ಕೊಂಚ ಸರಿಯುತ್ತದೆ.

## ಹಂತ 9: ಜನ ಕೂರಿಸಿ ನೋಡಿ, ಆಮೇಲೆ ರಸ್ತೆಗೆ

ಟೇಪುಗಳನ್ನು ಕೀಳುವ ಮುನ್ನ ಮನೆಮಂದಿಯನ್ನೆಲ್ಲ ಹತ್ತಿಸಿ, ಡಿಕ್ಕಿಗೆ ಎಂದಿನ ಸಾಮಾನು ತುಂಬಿ. ಮೂಗು ಎದ್ದು ಅಂಚು ಮೇಲೇರುತ್ತದೆ. ಈಗ ಲೆವೆಲಿಂಗ್ ಚಕ್ರವನ್ನು 1, 2, 3 ಎಂದು ತಿರುಗಿಸಿ, ಯಾವ ಅಂಕಿಗೆ ಅಂಚು ಮತ್ತೆ ಟೇಪಿಗೆ ಇಳಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಸೀಟುಗಳೆಲ್ಲ ತುಂಬಿದಾಗ 1, ಜೊತೆಗೆ ಡಿಕ್ಕಿಯೂ ತುಂಬಿದಾಗ 2, ಚಾಲಕನೊಬ್ಬನೇ ಇದ್ದು ಹಿಂದೆ ಭಾರಿ ಹೊರೆ ಇದ್ದಾಗ 3. ಲೆವೆಲಿಂಗ್ ಚಕ್ರವೇ ಇಲ್ಲದ ಕಾರಾದರೆ, ತುಂಬಿದ ಸ್ಥಿತಿಯಲ್ಲೂ ಅಂಚು ದೀಪದ ಎತ್ತರದ ಗೆರೆಯಿಂದ ಎರಡೂವರೆ ಸೆಂ.ಮೀ. ಆದರೂ ಕೆಳಗಿರುವಂತೆ ನೋಡಿಕೊಳ್ಳಿ. ಅದಕ್ಕಾಗಿ ಖಾಲಿ ಸ್ಥಿತಿಯ ಇಳಿತವನ್ನು ಸ್ವಲ್ಪ ಹೆಚ್ಚಿಸಬೇಕಾದರೆ ಹೆಚ್ಚಿಸಿ.

ಕಾನೂನಿನ ಅಳತೆಯೂ ಒಂದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೆಯ ನಿಯಮದ ಪ್ರಕಾರ, ದೀಪದಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಬೆಳಕು ಕೋರೈಸಬಾರದು. ಅಲ್ಲಿ ಒಬ್ಬರನ್ನು ನಿಲ್ಲಿಸಿ ಕೇಳಿ.

ರಸ್ತೆ ಪರೀಕ್ಷೆಗೆ ಸಮತಟ್ಟಾದ, ನೇರವಾದ, ಬೀದಿದೀಪವಿಲ್ಲದ ರಸ್ತೆ ಆರಿಸಿ. ಘಾಟಿ ಬೇಡ, ಮಂಜಿನ ರಾತ್ರಿಯೂ ಬೇಡ. ಕೊಟ್ಟಿಗೆಹಾರದ ಮಂಜಿನಲ್ಲಿ ಸರಿಯಾದ ಡಿಮ್ ಕೂಡ ಮುಂದೆ ಬಿಳಿ ಪರದೆ ಎಬ್ಬಿಸುತ್ತದೆ. ಅದನ್ನು ನೋಡಿ ದೀಪ ಇಳಿಸಿದರೆ ಮಂಜಿಲ್ಲದ ರಾತ್ರಿಗಳೆಲ್ಲ ಕೆಡುತ್ತವೆ.

## ಇಲ್ಲಿಗೆ ನಿಲ್ಲಿಸಿ, ಮೆಕ್ಯಾನಿಕ್ ಬಳಿ ಹೋಗಿ

ಸ್ಕ್ರೂ ತಿರುಗುತ್ತಿದೆ, ಬೆಳಕು ಅಲುಗಾಡುತ್ತಿಲ್ಲ: ಒಳಗಿನ ಪ್ಲಾಸ್ಟಿಕ್ ಹಲ್ಲು ಸವೆದಿದೆ ಅಥವಾ ದೀಪವನ್ನು ಹಿಡಿದಿರುವ ಗುಂಡು ಕಳಚಿದೆ. ಸ್ಕ್ರೂ ಕಟಕಟ ಎನ್ನುತ್ತಿದೆ ಅಥವಾ ಒಮ್ಮೆಗೇ ಬಿಗಿಯಾಯಿತು: ಮಿತಿ ಮುಟ್ಟಿದೆ, ಬಲ ಹಾಕಿದರೆ ಮುರಿಯುತ್ತದೆ. ಹಳ್ಳಕೊಳ್ಳದ ರಸ್ತೆಯಲ್ಲಿ ಒಂದು ದೀಪದ ಬೆಳಕು ಮಾತ್ರ ನಡುಗುತ್ತದೆ: ದೀಪದ ಕಾಲು ಮುರಿದಿದೆ. ಮಲೆನಾಡಿನ ಮಳೆಗೆ ತುಕ್ಕು ಹಿಡಿದ ಲೋಹದ ಸ್ಕ್ರೂಗೆ ತುಕ್ಕುಬಿಡಿಸುವ ಎಣ್ಣೆ ಒಂದು ತೊಟ್ಟು ಬಿಟ್ಟು ಕಾಯಬಹುದು. ಇಕ್ಕಳ ಹಿಡಿದು ಗುದ್ದಾಡಬೇಡಿ. ಗಾಜಿನ ಮೇಲ್ಭಾಗಕ್ಕೆ ಕಪ್ಪು ಟೇಪು ಅಂಟಿಸಿ ಇವನ್ನೆಲ್ಲ ಮುಚ್ಚಿಹಾಕಲು ಯಾರಾದರೂ ಹೇಳಿದರೆ ಕೇಳಬೇಡಿ. ಆ ಟೇಪು ಬೆಳಕನ್ನು ಕಡಿಮೆ ಮಾಡುತ್ತದೆಯೇ ಹೊರತು ಅದರ ದಿಕ್ಕನ್ನು ಬದಲಿಸುವುದಿಲ್ಲ.

ಬಲ್ಬ್, ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಅಥವಾ ಟೈರಿನ ಅಳತೆ ಬದಲಾದಾಗ, ಮುಂದಿನ ಬಂಪರ್ ಬಿಚ್ಚಿ ಹಾಕಿದಾಗ ಹಂತ 2ರಿಂದ ಮತ್ತೆ ಪರೀಕ್ಷಿಸಿ. ಅದೇ ಜಾಗದಲ್ಲಿ ಮಾಡುವುದಾದರೆ ಚಕ್ರಗಳು ನಿಂತ ನಾಲ್ಕು ಬಿಂದುಗಳಿಗೂ ಗೋಡೆಯ ಸೊನ್ನೆಗೂ ಪೇಂಟ್ ಗುರುತು ಹಾಕಿಡಿ, ಸೊನ್ನೆಯನ್ನು ಮತ್ತೆ ಹುಡುಕುವ ಶ್ರಮ ತಪ್ಪುತ್ತದೆ.